ನಾದಕ್ಕೊಂದು ನೂಲೆಳೆ

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತ ಎಷ್ಟೋ ಮಕ್ಕಳು ತಾವು ನುಡಿಸಿದ ಪೇಟಿಯ ಮೇಲೆ ಯಾವ ಕಂಪನಿಯ ಹೆಸರು ಬರೆದಿದೆ ಎಂಬುದನ್ನು ಕಂಡವರಲ್ಲ. ಅವರಿಗೆ ಕಣ್ಣಿಲ್ಲ. ಕರಿ ಮನೆಗಳು ಎರಡು, ಮೂರು ಎಂದು ಗುಂಪುಗೂಡಿ ಕೊಂಚ ಮೇಲೆದ್ದಿರುತ್ತವಲ್ಲ, ಅವನ್ನು ಸವರಿಯೇ ಬೆರಳು ತನ್ನ ಷಡ್ಜವನ್ನು ಹುಡುಕಿಕೊಳ್ಳುತ್ತದೆ. ಮಿಕ್ಕಿದ್ದೆಲ್ಲ ಕಿವಿಯ ಕೆಲಸ. ಆಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ. ಅವರ ತರುವಾಯ ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳಿಗೂ (1914–2010) ಇರಲಿಲ್ಲ. ಪೇಟಿ, ಪಿಟೀಲು, ಸಾರಂಗಿ, ತಬಲಾ ಎಲ್ಲವೂ ಪುಟ್ಟರಾಜರ ಕೈಗೆ ಒಗ್ಗಿದ್ದವು. ನಾದ ವಾದ್ಯದ್ದೋ ನುಡಿಸುವವರದ್ದೋ ಎಂಬ ವಾದ ಎದ್ದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಆಶ್ರಮ.

ಇತ್ತೀಚೆಗೆ ಆ ವಾದ ನಮ್ಮ ಮನೆಗೇ ಬಂತು. ಮುಂಡರಗಿಯಲ್ಲಿರುವ ನನ್ನ ಅಣ್ಣನ ಮಗ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾನೆ. ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಜಾತ್ರೆ, ಮದುವೆಗಳಲ್ಲೆಲ್ಲ ಅವನ ತಂಡ ಹಾಡುತ್ತದೆ. “ಕಾಕಾ, ರೆಕಾರ್ಡಿನ್ಯಾಗ ಕೇಳೋ ನಾದ ನನ್ನ ಗಿಟಾರದಾಗ ಬರವಲ್ದ್ರಿ. ಛಲೋ ಪೆಡಲ್ ತಗೊಂಡ್ರ ಬರ್ತೈತೇನ್ರಿ?” ಅಂದ. “ಎಲ್ಲಾ ಕೈಯಾಗ ಐತಿ, ಸಾಧನಾ ಮಾಡು” ಎಂದು ಹೇಳಿ ಕಳಿಸಬಹುದಿತ್ತು. ಹಿರಿಯರು ಸಾಮಾನ್ಯವಾಗಿ ಹೇಳುವುದು ಅದನ್ನೇ. ಆದರೆ ಅದು ಅರ್ಧ ಸತ್ಯ. ಅರ್ಧ ಸತ್ಯ ಹೇಳಿ ಕಲಿಯುವ ಹುಡುಗನ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಯಂತ್ರದ ಪಾಲು ನಿಜವಾಗಿಯೂ ದೊಡ್ಡದು. ಆಂಪ್ಲಿಫೈಯರ್ ತೆಗೆದರೆ ಅದರ ಸದ್ದು ಪಕ್ಕದ ಕೋಣೆಗೂ ಸರಿಯಾಗಿ ಕೇಳದು. ಉಕ್ಕಿನ ತಂತಿ ಅಯಸ್ಕಾಂತದ ಮೇಲೆ ಕಂಪಿಸುತ್ತದೆ. ಅಯಸ್ಕಾಂತಕ್ಕೆ ಸಾವಿರಾರು ಸುತ್ತು ಸುತ್ತಿದ ತೆಳ್ಳನೆಯ ತಾಮ್ರದ ತಂತಿಯಲ್ಲಿ ಆ ಕಂಪನವೇ ವಿದ್ಯುತ್ತಾಗುತ್ತದೆ. ಕೊನೆಗೆ ನಾವು ಕೇಳುವುದು ಸ್ಪೀಕರಿನ ಸದ್ದು. ಹಾಗಿದ್ದರೂ ಮೀಟುವ ಕೈಯನ್ನು ಕುದುರೆಯ ಹತ್ತಿರಕ್ಕೆ ಒಯ್ದರೆ ಸ್ವರ ಹರಿತವಾಗುತ್ತದೆ, ಕುತ್ತಿಗೆಯ ಕಡೆ ತಂದರೆ ದುಂಡಗಾಗುತ್ತದೆ. ಇದಕ್ಕೆ ಯಾವ ಪೆಡಲೂ ಬೇಕಿಲ್ಲ. ಇಂಗ್ಲೆಂಡಿನ ಬ್ರಿಯಾನ್ ಮೇ 1963ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ತಂದೆಯ ಜೊತೆ ಕೂತು ಹಳೆಯ ಬೆಂಕಿಗೂಡಿನ ಮರದಿಂದ ಗಿಟಾರಿನ ಕುತ್ತಿಗೆ ಕೆತ್ತಲು ತೊಡಗಿದ. ಅದೇ ಗಿಟಾರನ್ನು ಆರು ಪೆನ್ಸಿನ ನಾಣ್ಯದಿಂದ ಮೀಟಿ ಲೋಕವೆಲ್ಲ ಕೇಳುವಂತೆ ಮಾಡಿದ. ಇದನ್ನು ಕೇಳಿದವರು ಅಗ್ಗದ ವಾದ್ಯವೇ ಸಾಕು ಅಂದುಕೊಳ್ಳುತ್ತಾರೆ. ನನಗೆ ಕಾಣುವುದು ಬೇರೆ: ತನಗೆ ಯಾವ ಸದ್ದು ಬೇಕೆಂಬುದು ಆ ಹುಡುಗನಿಗೆ ಕೆತ್ತುವಾಗಲೇ ಗೊತ್ತಿತ್ತು.

ಪೇಟಿಯ ವಿಷಯಕ್ಕೇ ಬನ್ನಿ. ಪಿಯಾನೋದ ಹಾಗೆ ಮನೆಯನ್ನು ಜೋರಾಗಿ ಒತ್ತಿದರೆ ಪೇಟಿಯ ಸ್ವರ ಜೋರಾಗುವುದಿಲ್ಲ. ಬೆರಳು ಗಾಳಿಗೆ ದಾರಿ ಬಿಡುತ್ತದೆ, ಅಷ್ಟೇ. ಹಿತ್ತಾಳೆಯ ರೀಡಿಗೆ ಉಸಿರು ಕೊಡುವುದು ತಿದಿ ಒತ್ತುವ ಇನ್ನೊಂದು ಕೈ. ಆ ಕೈ ಅವಸರ ಮಾಡಿದರೆ ಸ್ವರ ಚೀರುತ್ತದೆ, ಮರೆತರೆ ಸೊರಗುತ್ತದೆ. ಮೈಕು ಇಲ್ಲದ ಕಾಲದ ನಾಟಕ ಕಂಪನಿಗಳಲ್ಲಿ ಲೆಗ್ ಹಾರ್ಮೋನಿಯಂ ಇರುತ್ತಿತ್ತು. ಕಾಲಿನಿಂದ ಗಾಳಿ ತುಂಬಿದರೆ ಎರಡೂ ಕೈ ಸ್ವರಕ್ಕೆ ಬಿಡುವಾಗುತ್ತವೆ. ಅಲ್ಲಿ ವಾದ್ಯ ಬದಲಾಗಿದ್ದಕ್ಕೆ ನುಡಿಸುವ ಬಗೆಯೂ ಬದಲಾಯಿತು, ಇದನ್ನು ಅಲ್ಲಗಳೆಯಲಾಗದು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಪೇಟಿಗೆ ಬಾರದು ಎಂಬ ದೂರೂ ಸುಳ್ಳಲ್ಲ. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟು, ಮೂರು ದಶಕ ಕಳೆದ ಮೇಲೆ ಮತ್ತೆ ಒಳಗೆ ಬಿಟ್ಟುಕೊಂಡಿತು. ಆದರೂ ಕೈ ಪಳಗಿದವರು ಎರಡು ಸ್ವರಗಳ ನಡುವೆ ತಿದಿಯನ್ನು ಒಂದಿಷ್ಟು ಸಡಿಲಿಸಿ, ಇಲ್ಲದ ಜಾರಿಕೆಯನ್ನು ಇದೆ ಎನ್ನಿಸುತ್ತಾರೆ.

ಎಲ್ಲಕ್ಕಿಂತ ಚೆನ್ನಾಗಿ ಇದನ್ನು ತಿಳಿಸುವುದು ತಂಬೂರಿ. ನಮ್ಮ ಮನೆಯ ತಂಬೂರಿಗೆ ಬೆಟಗೇರಿಯ ಮಗ್ಗದವರ ಮನೆಯಿಂದ ತಂದ ಹತ್ತಿಯ ನೂಲೆಳೆ ಹಾಕಿದ್ದೇವೆ. ಕುದುರೆಯ ಮೇಲೆ, ತಂತಿಯ ಅಡಿಗೆ ಆ ಎಳೆಯನ್ನು ತೂರಿಸಿ ಕೂದಲಿನಷ್ಟು ಹಿಂದೆ ಮುಂದೆ ಸರಿಸಬೇಕು. ಮೊದಲು ತಂತಿ ಮೊಂಡಾಗಿ ಟಣ್ ಅನ್ನುತ್ತದೆ. ಇನ್ನೊಂಚೂರು ಸರಿಸಿದರೆ ಗರಗರ ಅನ್ನುತ್ತದೆ. ಎರಡರ ನಡುವೆ ಒಂದು ಜಾಗದಲ್ಲಿ ಜವಾರಿ ತೆರೆದುಕೊಂಡು ಒಂದೇ ತಂತಿಯೊಳಗಿಂದ ಹಲವು ಸ್ವರ ಎದ್ದು ಬರುತ್ತವೆ. ಖರ್ಜದ ತಂತಿ ಹದಕ್ಕೆ ಬಂದಿದ್ದರೆ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ. ಮಳೆಗಾಲದಲ್ಲಿ ಆ ಜಾಗ ಮತ್ತೆ ತಪ್ಪುತ್ತದೆ, ಮತ್ತೆ ಹುಡುಕಬೇಕು. ಬುರುಡೆ, ಮರ, ತಂತಿ, ನೂಲು ಎಲ್ಲವೂ ವಾದ್ಯದವೇ. ಸರಿಸುವ ಬೆರಳು ನುಡಿಸುವವರದು. ಆದರೆ ‘ಸಾಕು, ಇಲ್ಲೇ ನಿಲ್ಲು’ ಎಂದು ಬೆರಳಿಗೆ ಹೇಳುವುದು ಕಿವಿ. ವಾದ್ಯವನ್ನು ಆರಿಸುವುದೂ ಅದೇ, ಕೈಯನ್ನು ತಿದ್ದುವುದೂ ಅದೇ. ವಾದ್ಯವೋ ಕೈಯೋ ಎಂದು ಜಗ್ಗಾಡುವವರು ಕಿವಿಯನ್ನು ಮರೆತಿರುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ.

ಉಸ್ತಾದ್ ಅಬ್ದುಲ್ ಕರೀಂ ಖಾನರು ಅದಕ್ಕೆ ದೊಡ್ಡ ಸಾಕ್ಷಿ. ಮಿರಜಿನಲ್ಲಿ ನೆಲೆಸಿದ್ದ ಅವರು ಹಾಡುಗಾರರಷ್ಟೇ ಆಗಿರಲಿಲ್ಲ, ವಾದ್ಯಗಳ ರಿಪೇರಿಯನ್ನೂ ಸ್ವತಃ ಬಲ್ಲವರಾಗಿದ್ದರು. ಅಂಥವರ ಹಾಡು 78 ಆರ್‌ಪಿಎಂ ತಟ್ಟೆಯಲ್ಲಿ ಮೂರೇ ನಿಮಿಷಕ್ಕೆ ಕುಗ್ಗಿ, ಮಂದ್ರದ ಗುಂಗನ್ನೂ ತಾರದ ಮಿನುಗನ್ನೂ ಬಹುಪಾಲು ಕಳೆದುಕೊಂಡು ಗ್ರಾಮಾಫೋನಿನ ಸೊಂಡಿಲಿನಿಂದ ಹೊರಬೀಳುತ್ತಿತ್ತು. 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಕೇಳಿದ್ದು ಆ ಬಡಕಲು ಸದ್ದನ್ನೇ. ಅಷ್ಟಕ್ಕೇ ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೊರಟರು. ಅಲೆದಲೆದು ಕೊನೆಗೆ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಬಳಿ ಕುಂದಗೋಳಕ್ಕೆ ಬಂದರು. ಯಂತ್ರ ನುಂಗಿ ಉಳಿಸಿದ್ದರಲ್ಲೇ ಆ ಹುಡುಗನ ಕಿವಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಪಂಚಾಕ್ಷರಿ ಗವಾಯಿಗಳ ಶಿಷ್ಯರನ್ನೇ ನೋಡಿ: ಪುಟ್ಟರಾಜರು, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ. ಗುರು ಒಬ್ಬರೇ, ಒಬ್ಬರ ನಾದ ಇನ್ನೊಬ್ಬರದಲ್ಲ.

ಅಣ್ಣನ ಮಗನಿಗೆ ಪೆಡಲ್ ಬೇಡ ಅನ್ನಲಿಲ್ಲ. “ಈಗಿರೋ ಗಿಟಾರದಾಗ ಒಂದ ತಂತಿ, ಒಂದ ಸ್ವರ ಹಿಡಿ. ಎಲ್ಲೆಲ್ಲಿ ಮೀಟಿದ್ರ ಏನೇನ್ ಆಗ್ತೈತಿ ಕೇಳು. ನಿನಗ ಬೇಕಾದ್ದು ಯಾವುದಂತ ಗೊತ್ತಾದಮ್ಯಾಲ ಅಂಗಡಿಗೆ ಹೋಗೂಣು” ಅಂದೆ. ಈಗ ರವಿವಾರಕ್ಕೊಮ್ಮೆ ಬಂದು ತಂಬೂರಿಯ ಮುಂದೆ ಕೂಡುತ್ತಾನೆ. ಎಳೆ ಸರಿಸುವುದನ್ನು ಅವನಿಗೇ ಬಿಟ್ಟಿದ್ದೇನೆ.

ನನ್ನ ಚಿಂತೆ ಗಿಟಾರಿನದಲ್ಲ. ನಮ್ಮ ಕಡೆಯ ಸಂಗೀತ ಪಾಠಗಳಲ್ಲಿ ಈಗ ಮೊಬೈಲಿನ ತಂಬೂರಿ ಬಂದು ಕೂತಿದೆ. ಒತ್ತಿದರೆ ಸಾಕು, ಶ್ರುತಿ ಶುದ್ಧವಾಗಿಯೇ ಇರುತ್ತದೆ. ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ. ಬಡವರ ಮಕ್ಕಳಿಗೆ ಅದರಿಂದ ಉಪಕಾರವೂ ಆಗಿದೆ. ಆದರೆ ಅದರಲ್ಲಿ ಸರಿಪಡಿಸುವಂಥದ್ದು ಏನೂ ಉಳಿದಿಲ್ಲ. ಆದ್ದರಿಂದ ಮಗುವಿನ ಕಿವಿಗೆ ಮೊದಲ ಪಾಠವೇ ತಪ್ಪಿಹೋಗುತ್ತಿದೆ. ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹಿಂದೆ ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಇಂದಿಗೂ ಅಲ್ಲಿ ಬುರುಡೆಗೆ ಮರ ಕೂಡಿಸುತ್ತಿದ್ದಾರೆ. ಮಿರಜ್ ನಮಗೇನು ದೂರದ ಊರಲ್ಲ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಿ ಸಂಗೀತ ಹೇಳಿಕೊಡುವ ಪ್ರತಿ ಮನೆಯಲ್ಲೂ ಒಂದಾದರೂ ನಿಜವಾದ ತಂಬೂರಿ ಇರಲಿ, ಅದನ್ನು ಶ್ರುತಿ ಮಾಡುವ ಕೆಲಸ ಮಕ್ಕಳ ಪಾಲಿಗೇ ಬರಲಿ.