ತೊಟ್ಟಿಲಿಗೆ ಕಟ್ಟಿದ ಬೆಳ್ಳಿ

ಸಾಮಿ ಜನರ ಹಳೆಯ ತೊಟ್ಟಿಲು ಮನೆಯ ತೊಲೆಗೆ ತೂಗುಹಾಕಿ ಮರೆಯುವಂಥದಲ್ಲ. ಮರವನ್ನು ಕೊರೆದು, ಮೇಲೆ ಚರ್ಮ ಹೊದಿಸಿ ಮಾಡಿದ ಅದನ್ನು ತಾಯಿ ಬೆನ್ನಿಗೆ ಹಾಕಿಕೊಂಡೋ, ಹಿಮಸಾರಂಗದ ಪಕ್ಕೆಗೆ ಕಟ್ಟಿಯೋ ಊರಿಂದೂರಿಗೆ ಒಯ್ಯುತ್ತಿದ್ದಳು. ಅದಕ್ಕೆ ಬೆಳ್ಳಿಯ ಗುಂಡೊಂದನ್ನು ಕಟ್ಟುತ್ತಿದ್ದರು. ನೆಲದಡಿಯ ಜೀವಿಗಳು ಮಗುವನ್ನು ಕದ್ದು, ಆ ಜಾಗದಲ್ಲಿ ತಮ್ಮ ಕೂಸನ್ನು ಮಲಗಿಸಿ ಹೋಗುತ್ತವೆ. ಬೆಳ್ಳಿ ಇದ್ದಲ್ಲಿ ಅವು ಸುಳಿಯುವುದಿಲ್ಲ ಎಂಬುದು ನಂಬಿಕೆ.

ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗ ಮತ್ತು ರಷ್ಯದ ಕೋಲಾ ಪರ್ಯಾಯ ದ್ವೀಪ ಸಾಮಿಗಳ ನೆಲೆ. ಕೊಂಬು, ಮೂಳೆ, ಮರ, ಚರ್ಮದ ಕೆಲಸದಲ್ಲಿ ಅವರು ನಿಸ್ಸೀಮರು. ಆದರೆ ಬೆಳ್ಳಿಯ ಒಡವೆಗಳನ್ನು ಬಹುಪಾಲು ಬೆರ್ಗೆನ್, ಟ್ರೊಂಡ್‌ಹೈಮ್‌ನಂಥ ಪಟ್ಟಣಗಳ ಅಕ್ಕಸಾಲಿಗರಿಂದ ಕೊಂಡರು. ತುಪ್ಪುಳಿನ ಚರ್ಮ, ಮೀನು ಮಾರಿದ ಹಣ ಹೀಗೆ ಬೆಳ್ಳಿಯಾಯಿತು. ಹಿಮಸಾರಂಗದ ಹಿಂದೆ ಅಲೆಯುವವರಿಗೆ ಹೊಲ, ಮನೆ ಆಸ್ತಿಯಾಗಲಾರದು. ಮಡಿಲಲ್ಲಿ ಹಿಡಿಸುವ ಬೆಳ್ಳಿ ಆಗಬಲ್ಲದು. ಎದೆಯ ಶಾಲಿಗೆ ಚುಚ್ಚುವ ‘ರಿಸ್ಕು’ ಎಂಬ ದುಂಡು ಪದಕದಲ್ಲಿ ಪುಟ್ಟ ಎಲೆಗಳು ಜೋಲಾಡುತ್ತವೆ. ಕೌಟೊಕೈನೊ ಊರಿನ ಮದುಮಗಳು ಇಂಥ ಹಲವಾರು ಪದಕಗಳನ್ನು ಧರಿಸುತ್ತಾಳೆ. ಅವುಗಳಲ್ಲಿ ಅಜ್ಜಿಯಿಂದ ಬಂದದ್ದಕ್ಕೆ ಇರುವ ಬೆಲೆ ತೂಕದ್ದಲ್ಲ.

ಇದೇ ಬೆಳ್ಳಿ ಸಾಮಿಗಳನ್ನು ಅಳಿಸಿದ್ದೂ ಉಂಟು. 1634ರಲ್ಲಿ ಸ್ವೀಡನ್-ನಾರ್ವೆ ಗಡಿಯ ನಾಸಾ ಬೆಟ್ಟದಲ್ಲಿ ಬೆಳ್ಳಿಯ ಅದಿರು ಸಿಕ್ಕಿತು. ಯುದ್ಧದಲ್ಲಿ ಮುಳುಗಿದ್ದ ಸ್ವೀಡನ್ ಮರುವರ್ಷವೇ ಗಣಿ ತೆರೆಯಿತು. ಅದಿರು ಸಾಗಿಸಲು ದಾರಿ ಇರಲಿಲ್ಲ. ಸಾಮಿಗಳು ತಮ್ಮ ಹಿಮಸಾರಂಗಗಳೊಡನೆ ಆ ಕೆಲಸ ಮಾಡಲೇಬೇಕೆಂದು ಕಟ್ಟಪ್ಪಣೆಯಾಯಿತು. ಒಪ್ಪದವರಿಗೆ ಕ್ರೂರ ಶಿಕ್ಷೆ ಕಾದಿತ್ತು. ಎಷ್ಟೋ ಕುಟುಂಬಗಳು ಗಡಿ ದಾಟಿ ಓಡಿಹೋದವು. 1659ರಲ್ಲಿ ಡೆನ್ಮಾರ್ಕ್-ನಾರ್ವೆಯ ಸೈನಿಕರು ಗಣಿಯನ್ನು ಸುಟ್ಟುಹಾಕಿದರು. ನಾಸಾ ಬೆಟ್ಟ ಇರುವ ಆರ್ಯೆಪ್ಲೋಗ್ ಸೀಮೆಯಲ್ಲಿ, ಐನಾರ್ ವಾಲ್‌ಕ್ವಿಸ್ಟ್ ಎಂಬ ವೈದ್ಯರು ಕೂಡಿಟ್ಟ ಸಾಮಿ ಬೆಳ್ಳಿಯ ಸಂಗ್ರಹ ಈಗ ವಸ್ತು ಸಂಗ್ರಹಾಲಯವಾಗಿದೆ.

ತೊಟ್ಟಿಲಿನ ಬೆಳ್ಳಿ ತಡೆಯಲಾರದ ಕಳವು ಆಮೇಲೆ ನಡೆಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ನಾರ್ವೆ ಸರಕಾರ ಸಾಮಿ ಮಕ್ಕಳನ್ನು ನಾರ್ವೇಜಿಯನ್ನರನ್ನಾಗಿ ಮಾಡಲು ಹೊರಟಿತು. ಎಷ್ಟೋ ಮಕ್ಕಳು ವಸತಿಶಾಲೆ ಸೇರಿದರು. ತರಗತಿಯಲ್ಲಿ ತಾಯ್ನುಡಿಗೆ ಜಾಗವಿರಲಿಲ್ಲ. ರಜೆಗೆ ಮನೆಗೆ ಬಂದ ಮಗು ಅಜ್ಜಿಯ ಮಾತಿಗೆ ಬೇರೆ ಭಾಷೆಯಲ್ಲಿ ಉತ್ತರ ಕೊಡುವಂತಾಯಿತು. ಮಗು ಅದೇ, ಮಾತು ಮಾತ್ರ ಬದಲಾಗಿತ್ತು. ತಮ್ಮ ಮಕ್ಕಳಾದರೂ ಅವಮಾನ ಉಣ್ಣದಿರಲಿ ಎಂದು ತಂದೆತಾಯಿಯರೇ ಮನೆಯಲ್ಲಿ ಸಾಮಿ ನುಡಿಯನ್ನು ಬಿಟ್ಟದ್ದೂ ಉಂಟು. ಈ ನೀತಿಗಾಗಿ ನಾರ್ವೆಯ ಸಂಸತ್ತು 2024ರಲ್ಲಿ ಕ್ಷಮೆ ಕೇಳಿತು.

ಈ ನಡುವೆ 1989ರಲ್ಲಿ ನಾರ್ವೆಯ ಸಾಮಿಗಳಿಗೆ ತಮ್ಮದೇ ಪ್ರಾತಿನಿಧಿಕ ಸಭೆ ದೊರೆಯಿತು. ಈಗ ಶಾಲೆಗಳಲ್ಲಿ ಸಾಮಿ ನುಡಿ ಕಲಿಸುತ್ತಾರೆ. ಹಬ್ಬ, ಮದುವೆಗಳಲ್ಲಿ ತರುಣ ತರುಣಿಯರು ‘ಗಾಕ್ತಿ’ ಎಂಬ ಉಡುಪು ತೊಟ್ಟು, ಬೆಳ್ಳಿ ಧರಿಸಿ, ತಲೆಯೆತ್ತಿ ನಡೆಯುತ್ತಾರೆ. ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಮೊಮ್ಮಗಳಿಗೆ ಕೊಡಬಹುದು. ಮಾತಿಗೆ ಅಂಥ ಪೆಟ್ಟಿಗೆಯಿಲ್ಲ. ಅದನ್ನು ದಿನವೂ ಆಡಿಯೇ ಮಕ್ಕಳಿಗೆ ಕೊಡಬೇಕು.