ಯಾವ ಬಸಪ್ಪ?

ಒಬ್ಬರೆಂದು ತಿಳಿದು ಇನ್ನೊಬ್ಬರನ್ನು ಮಾತನಾಡಿಸಿ ಪೇಚಿಗೆ ಸಿಲುಕುವುದು ಲೋಕದಲ್ಲೆಲ್ಲ ನಡೆಯುವ ಸಂಗತಿ. ನಾಟಕಕಾರರಿಗಂತೂ ಇದು ಅಕ್ಷಯಪಾತ್ರೆ. ಶೇಕ್ಸ್‌ಪಿಯರ್ ಮಹಾಕವಿಯು ‘ದಿ ಕಾಮೆಡಿ ಆಫ್ ಎರರ್ಸ್’ ನಾಟಕದಲ್ಲಿ ಎರಡು ಜೋಡಿ ಅವಳಿಗಳನ್ನು ಸೃಷ್ಟಿಸಿ, ಜೋಡಿಗೊಂದೇ ಹೆಸರಿಟ್ಟು, ಹಡಗನ್ನು ಒಡೆಸಿ, ಅವರನ್ನು ಬೇರೆ ಬೇರೆ ಊರುಗಳಲ್ಲಿ ಬೆಳೆಸಿ, ಕೊನೆಗೆ ಒಂದೇ ಪಟ್ಟಣಕ್ಕೆ ತಂದು ಸೇರಿಸಬೇಕಾಯಿತು. ಲಕ್ಷ್ಮೇಶ್ವರ ಸೀಮೆಯ ಯಳವತ್ತಿಯಂತಹ ಊರಿನಲ್ಲಿ ಇಷ್ಟೆಲ್ಲ ಸಾಹಸದ ಅವಶ್ಯಕತೆ ಇಲ್ಲ. ಅಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರವೊಂದೇ ಸಾಕು.

ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಉತ್ತರ ಕರ್ನಾಟಕದ ಮನೆತನಗಳಲ್ಲಿ ಬೇರೂರಿದ ರೂಢಿ. ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಮತ್ತೆ ಬಸಪ್ಪ, ಅವನ ಮಗ ಮತ್ತೆ ಶಿವಪ್ಪ. ಬಾವಿಯ ರಾಟೆಯಂತೆ ಇವೆರಡೇ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಸುತ್ತುತ್ತಲೇ ಇರುತ್ತವೆ. ಕಾಗದದ ಮೇಲೆ ‘ಬಸಪ್ಪ ತಂದೆ ಶಿವಪ್ಪ’ ಎಂದು ಬರೆದಿದ್ದರೆ ಆತ ಅಜ್ಜನೂ ಆಗಬಹುದು, ಮೊಮ್ಮಗನೂ ಆಗಬಹುದು. ಇನ್ನು ಬಸಪ್ಪನಿಗೆ ಮೂವರು ಗಂಡುಮಕ್ಕಳಿದ್ದರೆ, ಮೂವರೂ ತಂದೆಯ ಹೆಸರನ್ನು ಉಳಿಸಬೇಕೆಂದು ಬಯಸುವುದು ಸಹಜವೇ ಸರಿ. ಹೀಗೆ ಒಂದೇ ಅಡ್ಡಹೆಸರಿನ ಮೂವರು ಬಸಪ್ಪಂದಿರು ಒಂದೇ ಅಂಗಳದಲ್ಲಿ ಆಡಿ ಬೆಳೆಯುತ್ತಾರೆ. ತೀರಿಹೋದ ಹಿರಿಯನನ್ನು ಹೇಗಾದರೂ ಮಾಡಿ ಮನೆಯೊಳಗೇ ಇರಿಸಿಕೊಳ್ಳಬೇಕೆಂಬ ಪ್ರೀತಿಯೇ ಮುಂದಿನ ಗೊಂದಲಗಳಿಗೆಲ್ಲ ಮೂಲವಾಗಿರುವುದರಿಂದ, ಇದನ್ನು ದೋಷವೆನ್ನಲು ಬಾಯಿ ಬಾರದು.

ಪರಸ್ಥಳದವರು ಇಂತಹ ಊರಿನಲ್ಲಿ ಬಸ್ಸಿನಿಂದಿಳಿದು ವಿಳಾಸ ವಿಚಾರಿಸುವ ಪ್ರಸಂಗ ಕೇಳುವಂತಹದು.

“ಬಸಪ್ಪನವರ ಮನೆ ಎಲ್ಲಿ?”

“ಯಾವ ಬಸಪ್ಪರೀ?”

“ಶಿವಪ್ಪನವರ ಮಗ.”

“ಯಾವ ಶಿವಪ್ಪರೀ?”

“ಅವರೇ, ಬಸಪ್ಪನವರ ಮಗ.”

“ಹಂಗಾರ ಮೂರು ಮನಿ ಅದಾವ ನೋಡ್ರಿ. ನೀವು ಹೊಲದ ಯವ್ವಾರಕ್ಕ ಬಂದೀರೋ, ಹೆಣ್ಣ ನೋಡಾಕೋ?”

ಊರಿನವರಿಗೆ ಈ ತೊಡಕಿಲ್ಲ. ಅವರಲ್ಲಿ ಹಿರೇ ಬಸಪ್ಪ, ನಡುವಿನ ಬಸಪ್ಪ, ಸಣ್ಣ ಬಸಪ್ಪ, ಗುಡಿ ಹಿಂದಿನ ಬಸಪ್ಪ, ಬಾವಿಕಟ್ಟಿ ಬಸಪ್ಪ ಎಂಬ ಪೂರ್ಣ ಪಟ್ಟಿಯೇ ಇರುತ್ತದೆ. ಅದು ಎಲ್ಲಿಯೂ ಬರೆದಿಟ್ಟದ್ದಲ್ಲ. ಬಂದ ಅತಿಥಿಗೆ ಅದು ತಿಳಿಯುವ ಬಗೆಯೂ ಇಲ್ಲ. ಹೀಗಾಗಿ ಹೆಣ್ಣು ನೋಡಲು ಬಂದವರು ಬೇರೊಂದು ಮನೆಯ ಪಡಸಾಲೆಯಲ್ಲಿ ಕುಳಿತು, ಕಾಲಿಗೆ ನೀರು ಪಡೆದು, ಅವಲಕ್ಕಿ ತಿಂದು, ಚಹಾ ಕುಡಿದು, ಆಮೇಲೆ ಆ ಮನೆಯಲ್ಲಿ ಲಗ್ನಕ್ಕೆ ಬಂದ ಕನ್ಯೆಯೇ ಇಲ್ಲವೆಂದು ತಿಳಿದು ಬೆಪ್ಪಾಗುವುದುಂಟು. ಮನೆಯವರು ಮೊದಲೇ ಕೇಳಬಾರದಿತ್ತೇ ಎನ್ನಬಹುದು. ಆದರೆ ಬಂದವರ ಬಾಯಿಗೆ ತುತ್ತು ಬೀಳುವ ಮೊದಲು ಬಂದ ಕಾರಣ ಕೇಳುವುದು ಆ ಸೀಮೆಯ ಮರ್ಯಾದೆಯಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಗೊಂದಲಕ್ಕೆ ಇನ್ನೊಂದು ಸೊಗಸು ಸೇರುತ್ತದೆ. ಹಳೆಯ ಕಾಲದ ಗೃಹಿಣಿ ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಿಬಿಟ್ಟು ಹೇಳುವವಳಲ್ಲ. ಮದುವೆ ಮುಂಜಿವೆಗಳಲ್ಲಿ ಒಡಪು ಹಾಕಿ ಹೇಳಿದರೆ ಅಷ್ಟೇ. ಜನಗಣತಿಯ ಮಾಸ್ತರರು ಬಾಗಿಲಲ್ಲಿ ನಿಂತು ಯಜಮಾನರ ಹೆಸರು ಕೇಳಿದರೆ, “ಮಣ್ಣೆತ್ತಿನ ಅಮಾಸಿಗೆ ಮನ್ಯಾಗ ಏನ್ ಪೂಜಾ ಮಾಡ್ತೀವಿ, ಅವರ ಹೆಸರ್ರೀ” ಎಂಬ ಉತ್ತರ ಬರುತ್ತದೆ. ಬಲ್ಲವರು ‘ಬಸಪ್ಪ’ ಎಂದು ಬರೆದುಕೊಳ್ಳುತ್ತಾರೆ. ಮಗನ ಹೆಸರು ಕೇಳಿದರೆ ಅದು ಮಾವನ ಹೆಸರು, ಅದನ್ನೂ ಉಚ್ಚರಿಸುವಂತಿಲ್ಲ! “ಸ್ವಾಮಾರ ಯಾರ ವಾರ ಐತಿ, ಅವರದರೀ.” ಮಾಸ್ತರರು ದಕ್ಷಿಣದ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರಾಗಿದ್ದರೆ ಸೋಮವಾರದಿಂದ ‘ಸೋಮಪ್ಪ’ನನ್ನು ಊಹಿಸಿಕೊಂಡು ಮುಂದಿನ ಮನೆಗೆ ಹೊರಟುಬಿಡುತ್ತಾರೆ. ತೊಟ್ಟಿಲಲ್ಲಿ ಹುಟ್ಟದ ಸೋಮಪ್ಪನೊಬ್ಬ ಸರಕಾರಿ ದಫ್ತರದಲ್ಲಿ ಹುಟ್ಟಿಕೊಳ್ಳುವುದು ಹೀಗೆ.

ಅಜ್ಜನ ಹೆಸರನ್ನು ಹೊತ್ತ ಆ ಹುಡುಗನನ್ನು ತಾಯಿಯೂ ಹೆಸರು ಹಿಡಿದು ಕರೆಯಲಾರಳು. ಅವನು ಅವಳಿಗೆ ಅಪ್ಪಣ್ಣ, ಇಲ್ಲವೆ ಅಜ್ಜಪ್ಪ. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಹೆಸರಿಗೆ ಸ್ವಲ್ಪ ಸಂಸ್ಕಾರ ಕೊಡುತ್ತಾರೆ. ಬಸಪ್ಪ ಬಸವರಾಜನಾಗುತ್ತಾನೆ, ಮಲ್ಲಪ್ಪ ಮಲ್ಲಿಕಾರ್ಜುನನಾಗುತ್ತಾನೆ, ಶಿವಪ್ಪ ಶಿವಾನಂದನಾಗುತ್ತಾನೆ. ಮರುದಿನ ಹಾಜರಿ ಕರೆಯುವಾಗ ‘ಬಸವರಾಜ’ ಎಂದೊಡನೆ ನಾಲ್ಕು ಮೂಲೆಗಳಿಂದ ‘ಹಾಜರ್ ಸರ್’ ಎಂಬ ಧ್ವನಿ ಏಳುತ್ತದೆ. ‘ಶಿವಾನಂದ’ ಎಂದಾಗ ಯಾರೂ ಓಗೊಡುವುದಿಲ್ಲ. ಎರಡನೆಯ ಸಾಲಿನಲ್ಲಿ ಕುಳಿತ ಅಪ್ಪಣ್ಣನು ಈ ಶಿವಾನಂದ ಯಾರಿರಬಹುದೆಂದು ಉಳಿದವರ ಮುಖವನ್ನು ಕುತೂಹಲದಿಂದ ನೋಡುತ್ತಿರುತ್ತಾನೆ. ಶಿಕ್ಷಕ ವೃತ್ತಿಯಲ್ಲಿ ತಲೆ ನೆರೆತವರಿಗೆ ಇದು ಹೊಸತಲ್ಲ.

ಹೆಸರಿನಿಂದಾದ ತೊಡಕನ್ನು ಅಡ್ಡಹೆಸರು ಬಿಡಿಸಬೇಕಾಗಿತ್ತು. ಆದರೆ ಅದು ತನ್ನದೇ ಆದ ತೊಡಕನ್ನು ಹೊತ್ತು ತರುತ್ತದೆ. ಯಳವತ್ತಿಯೊಳಗೆ ಯಾರನ್ನೂ ಯಳವತ್ತಿಯವರೆಂದು ಕರೆಯುವ ಕಾರಣವಿಲ್ಲ. ಊರು ಬಿಟ್ಟು ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ನೆಲೆಸಿದವನಿಗೆ ಮಾತ್ರ ಆ ಹೆಸರು ಅಂಟುತ್ತದೆ. ಎಂದರೆ ಯಾರು ಯಳವತ್ತಿಯಲ್ಲಿ ಇಲ್ಲವೋ ಅವರೇ ‘ಯಳವತ್ತಿ’! ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ‘ತ್ತಿ’ಯೂ ‘ಟ್ಟಿ’ಯೂ ಒಂದೇ ಆಗಿ, ಹರಿಹರ ತಾಲೂಕಿನ ಯಲವಟ್ಟಿಯವರೂ ಇವರಲ್ಲಿ ಕಲೆತುಹೋಗುತ್ತಾರೆ. ‘ಆನಂದಕಂದ’ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮರನ್ನು ಗದಗಿಗೆ ಅಂಟಿಕೊಂಡಿರುವ ಬೆಟಗೇರಿಯವರೆಂದು ಭಾವಿಸಿ ಅಭಿಮಾನಪಡುವುದು ಸುಲಭ. ವಾಸ್ತವವಾಗಿ ಅವರ ಬೆಟಗೇರಿ ಇರುವುದು ಗೋಕಾಕ ತಾಲೂಕಿನಲ್ಲಿ. ಧಾರವಾಡದ ಸಮೀಪದ ಮನಸೂರು ಎಂಬ ಹಳ್ಳಿಯನ್ನು ಅರಿಯದ ಉತ್ತರ ಭಾರತದ ರಸಿಕನೊಬ್ಬ ಮಲ್ಲಿಕಾರ್ಜುನ ಮನಸೂರರ (1910-1992) ಹೆಸರಿನ ಉತ್ತರಾರ್ಧವನ್ನು ಮಾತ್ರ ಕೇಳಿ, ಇವರು ಯಾವುದೋ ಖಾನದಾನದ ಉಸ್ತಾದರೆಂದು ತಿಳಿದರೆ ಅವನನ್ನು ದೂರುವಂತಿಲ್ಲ. ಹೆಸರಿನ ಪೂರ್ವಾರ್ಧದಲ್ಲಿ ಶ್ರೀಶೈಲದ ಮಲ್ಲಯ್ಯನೇ ಕುಳಿತಿರುವುದು ಅವನಿಗೆ ಕೇಳಿಸಿರಬೇಕಲ್ಲ.

ತಾರಿನ ಕಾಲದಲ್ಲಿ ಇಂತಹ ತಪ್ಪು ತಿಳಿವಳಿಕೆ ಎದೆ ನಡುಗಿಸುವಂತಹದಾಗಿತ್ತು. ಬಿಎಸ್‌ಎನ್‌ಎಲ್ ನಡೆಸುತ್ತಿದ್ದ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಅದಕ್ಕೆ ಮೊದಲು ಹಳ್ಳಿಗೆ ತಾರು ಬಂದಿತೆಂದರೆ ಓದುವ ಮೊದಲೇ ಅಳು ಏಳುತ್ತಿತ್ತು. ‘ಬಸಪ್ಪ ಸೀರಿಯಸ್, ಸ್ಟಾರ್ಟ್ ಇಮೀಡಿಯೆಟ್ಲಿ’ ಎಂಬ ನಾಲ್ಕು ಮಾತು. ಅಡ್ಡಹೆಸರು ಸೇರಿಸಿದರೆ ಶಬ್ದಕ್ಕಿಷ್ಟು ಎಂದು ಹಣ ಹೆಚ್ಚು. ಸುದ್ದಿ ಒಬ್ಬರ ಬಾಯಿಂದ ಒಬ್ಬರಿಗೆ ಹಬ್ಬಿ, ಪರವೂರಿನ ಬೀಗರು ಓಣಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬರುವಾಗ, ಅದೇ ಬಸಪ್ಪ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿರುತ್ತಾನೆ.

“ಯಾರು ಹ್ವಾದ್ರಬೇ ಯಕ್ಕಾ?”

“ನೀನs ಹೋಗೀದಿ ಅಂದ್ರಲ್ಲೋ ಯಪ್ಪಾ!”

ಕ್ಷಣಹೊತ್ತು ಇಡೀ ಓಣಿ ನಗುತ್ತದೆ. ಸತ್ತವನೆನಿಸಿಕೊಂಡವನು ಎಲ್ಲರಿಗಿಂತ ಹೆಚ್ಚು ನಗುತ್ತಾನೆ. ಬಳಿಕ ಯಾರೋ ಒಬ್ಬ ಮುದುಕಿ, “ಹಂಗಾರ ಯಾವ ಬಸಪ್ಪ?” ಎನ್ನುತ್ತಾಳೆ. ನಗೆ ನಿಲ್ಲುತ್ತದೆ. ಬಂದ ಹೆಣ್ಣುಮಕ್ಕಳು ಕಣ್ಣೊರೆಸಿದ ಸೆರಗನ್ನು ಹಾಗೆಯೇ ಹಿಡಿದುಕೊಂಡು ಇನ್ನೊಂದು ಓಣಿಯ ಕಡೆಗೆ ನಡೆಯುತ್ತಾರೆ. ಶೇಂಗಾ ಸುಲಿಯುತ್ತಿದ್ದವನೂ ಟೊಪ್ಪಿಗೆ ಹಾಕಿಕೊಂಡು ಅವರ ಹಿಂದೆ ಹೊರಡುತ್ತಾನೆ.

ಇಂದಿನ ದಿನಗಳಲ್ಲಿ ಈ ಗೊಂದಲ ಓಣಿಯಿಂದ ಕಚೇರಿಗೆ ಸ್ಥಳಾಂತರಗೊಂಡಿದೆ. ಹುಟ್ಟಿದ ದಿನ ಗೊತ್ತಿಲ್ಲದ ಹುಡುಗರಿಗೆಲ್ಲ ಹಿಂದಿನ ಮಾಸ್ತರರು ಜೂನ್ 1ನ್ನೇ ಜನ್ಮದಿನವಾಗಿ ದಯಪಾಲಿಸಿದ್ದರು. ಆದ್ದರಿಂದ ಒಂದೇ ಹೆಸರಿನ ದಾಯಾದಿಗಳು ಕಾಗದದಲ್ಲಿ ಅವಳಿಗಳೂ ಆದರು. ಶೇಕ್ಸ್‌ಪಿಯರನಿಗೆ ಇಷ್ಟು ಸುಲಭದ ಉಪಾಯ ಹೊಳೆಯಲಿಲ್ಲ! ಊರೂ ಕದಲದೆ ವಿಳಾಸ ಬದಲಾಯಿಸಿತು. 1997ರವರೆಗೆ ಧಾರವಾಡ ಜಿಲ್ಲೆ, ಆಮೇಲೆ ಗದಗ ಜಿಲ್ಲೆ. ಶಿರಹಟ್ಟಿ ತಾಲೂಕು ಹೋಗಿ ಲಕ್ಷ್ಮೇಶ್ವರ ತಾಲೂಕು. ಒಬ್ಬನೇ ರೈತ ಪಹಣಿಯಲ್ಲಿ ಬಸಪ್ಪ, ಶಾಲೆಯ ದಾಖಲೆಯಲ್ಲಿ ಬಸವರಾಜ, ಆಧಾರ್ ಚೀಟಿಯಲ್ಲಿ ಇನ್ನೇನೋ. ಒಬ್ಬನು ಮೂವರಾಗಿ, ಮೂವರು ಒಬ್ಬನಾಗಿ ತೋರುವ ಈ ಮಾಯೆಯಲ್ಲಿ ವಿಧವೆಯ ಮಾಸಾಶನ, ಬೆಳೆಹಾನಿಯ ಪರಿಹಾರ, ಹೊಲದ ವಾರಸಾ ಎಲ್ಲವೂ ತಡೆದು ನಿಲ್ಲುತ್ತವೆ. ಎರಡೂ ಹೆಸರಿನವನು ಒಬ್ಬನೇ ಎಂದು ಪ್ರಮಾಣಪತ್ರ ಬರೆಯಿಸಲು ತಾಲೂಕು ಕೇಂದ್ರಕ್ಕೆ ಎಡತಾಕುವ ಮುದುಕಿಗೆ ಇದರಲ್ಲಿ ಹಾಸ್ಯವೇನೂ ಕಾಣದು.

ಕೊನೆಗೆ ಎಲ್ಲರೂ ಮರಳುವುದು ಕಟ್ಟೆಗೇ. ವಂಶಾವಳಿ ಬರೆಯಬೇಕಾದಾಗ ತಲಾಠಿಗಳು ಊರಿನ ಹಿರಿಯರನ್ನು ಕೂಡಿಸುತ್ತಾರೆ. ಎಂಬತ್ತು ದಾಟಿದ ಅಜ್ಜನೊಬ್ಬ ಕಣ್ಣು ಮುಚ್ಚಿಕೊಂಡು, ಯಾವ ಬಸಪ್ಪ ಯಾವ ಶಿವಪ್ಪನ ಮಗ, ಯಾರು ಯಾವ ಬರಗಾಲದ ವರ್ಷ ಹುಟ್ಟಿದ, ಯಾರಿಗೆ ಯಾವ ಊರಿನಿಂದ ಹೆಣ್ಣು ತಂದರು ಎಂಬುದನ್ನೆಲ್ಲ ಐದು ತಲೆಮಾರಿನವರೆಗೆ ತಡೆಯಿಲ್ಲದೆ ಹೇಳುತ್ತಾನೆ. ಒಂದು ಹೆಸರೂ ಅದಲುಬದಲಾಗುವುದಿಲ್ಲ. ತಲಾಠಿಗಳು ಬರೆದು ಮುಗಿಸಿ, ಸಾಕ್ಷಿಯ ಸಹಿಗಾಗಿ ಕಾಗದವನ್ನು ಅವನ ಮುಂದೆ ಇಡುತ್ತಾರೆ.

“ಅಜ್ಜಾ, ನಿಮ್ಮ ಹೆಸರು?”

“ಬಸಪ್ಪರೀ. ತಂದಿ ಹೆಸರು ಶಿವಪ್ಪ.”