ಸೋಸಿದ ಮೇಲೆ ಉಳಿದದ್ದು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರೂ ಉಂಟು. ಹರಿದ್ರಾವತಿ ಹಳ್ಳದಿಂದ ತುಂಬುವ ಈ ಕೆರೆಯ ನೀರು ಚಿತ್ರದುರ್ಗದವರೆಗೂ ಜನರ ದಾಹವನ್ನು ತಣಿಸುತ್ತದೆ. ಕೆರೆಗೆ ಸಮೀಪದ ಪ್ರೌಢಶಾಲೆಯೊಂದರ ಜೀವಶಾಸ್ತ್ರದ ಅಧ್ಯಾಪಕರು ಜಲಜೀವಿಗಳ ಪಾಠವನ್ನು ಕಪ್ಪುಹಲಗೆಯ ಮೇಲೆಯೇ ಮುಗಿಸಲಿಲ್ಲ. ಪ್ರತಿಯೊಂದು ತಂಡವೂ ಒಂದು ಕೊಡ ಕೆರೆಯ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯಬೇಕು. ಕೊನೆಗೆ ಅದನ್ನು ಕೆರೆಗೇ ಮರಳಿಸಬೇಕು. ಇದು ಅವರು ಕೊಟ್ಟ ಪ್ರಾಜೆಕ್ಟ್.

ಬರಿಗಣ್ಣಿಗೆ ಬಿಳಿಯ ಚುಕ್ಕೆಯಂತೆ ಕಂಡ ಸೈಕ್ಲಾಪ್ಸ್ ಮಸೂರದಡಿಯಲ್ಲಿ ಜಿಗಿದಾಡಿದಾಗ ಮಕ್ಕಳು ಬೆರಗಾದರು. ಅಧ್ಯಾಪಕರು ನಾರುಹುಣ್ಣಿನ ಕಥೆಯನ್ನು ಹೇಳಿದರು. ಆ ರೋಗದ ಹುಳುವಿನ ಮರಿಗಳು ಸೈಕ್ಲಾಪ್ಸ್‌ನ ಒಡಲಿನಲ್ಲಿದ್ದು, ಸೋಸದ ನೀರಿನೊಡನೆ ಮನುಷ್ಯನನ್ನು ಸೇರುತ್ತಿದ್ದವು. ಕರ್ನಾಟಕದ ಹಳ್ಳಿಗಳನ್ನೂ ಕಾಡಿದ ಈ ರೋಗವನ್ನು ಓಡಿಸಿದ ಉಪಾಯಗಳಲ್ಲಿ ಬಟ್ಟೆಯಲ್ಲಿ ನೀರು ಸೋಸುವುದೂ ಒಂದು. ಭಾರತದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ಈ ರೋಗದಿಂದ ಮುಕ್ತವೆಂದು ಸಾರಿತು.

“ಸೋಸಿದರೆ ನಮಗೆ ಒಳ್ಳೆಯದು, ಸರಿ. ಉಳಿದದ್ದನ್ನು ಕೆರೆಗೆ ಬಿಡುವುದರಿಂದ ಏನು ಲಾಭ ಸಾರ್?” ಎಂದು ಹುಡುಗನೊಬ್ಬ ಕೇಳಿದ. “ನಮಗೆ ಏನೂ ಇಲ್ಲಪ್ಪ” ಎಂದರು ಅಧ್ಯಾಪಕರು.

ಆ ದಿನ ಬಿಸಿಲು ಬಲವಾಗಿತ್ತು. ಹುಡುಗ ತನ್ನ ಪಾಲಿನದನ್ನು ಶಾಲೆಯ ಬೇವಿನ ಮರದ ಬುಡಕ್ಕೆ ಚೆಲ್ಲಿ, ವರದಿಯಲ್ಲಿ ‘ಕೆರೆಗೆ ಬಿಟ್ಟೆವು’ ಎಂದು ಬರೆದ. ಪೂರ್ಣ ಅಂಕಗಳು ಬಂದವು. ಮರುದಿನ ಬೆಳಿಗ್ಗೆ ಅವನೇ ಬಂದು, “ಅದು ಸುಳ್ಳು ಸಾರ್, ಅವೆಲ್ಲ ಒಣಗಿ ಹೋಗಿರಬೇಕು” ಎಂದು ತಲೆ ತಗ್ಗಿಸಿ ನಿಂತ. ಅಧ್ಯಾಪಕರು ಗದರಲಿಲ್ಲ, ಹೊಗಳಲೂ ಇಲ್ಲ. ಆ ಸಾಲನ್ನು ತಿದ್ದಿಸಿ, ಇನ್ನೊಂದು ಕೊಡ ನೀರು ತಂದು ಮೊದಲಿನಿಂದ ಮಾಡಲು ಹೇಳಿದರು. ಸಂಜೆ ಹುಡುಗ ಒಬ್ಬನೇ ಕೆರೆಯ ಏರಿಯವರೆಗೆ ನಡೆದು, ಬಟ್ಟೆಯನ್ನು ನೀರಿನಲ್ಲಿ ಮಗುಚಿ ಅದ್ದಿ ಬಂದ.

ಶ್ರಾವಕರ ಮನೆಗಳಲ್ಲಿ ಜಲಗಾಲನವು ಪ್ರಾಚೀನವಾದ ಆಚಾರ. ಸೋಸುವುದು ಅದರ ಅರ್ಧ ಮಾತ್ರ. ಬಟ್ಟೆಯಲ್ಲಿ ಉಳಿದ ತ್ರಸ ಜೀವಗಳನ್ನು ನೀರು ತಂದ ಠಾವಿಗೇ ಸೇರಿಸುವುದು ಉಳಿದರ್ಧ. ಮೊದಲರ್ಧವನ್ನು ಆರೋಗ್ಯದ ಚಿಂತೆಯೂ ಕಲಿಸಬಲ್ಲದು. ಎರಡನೆಯದರಲ್ಲಿ ಸ್ವಾರ್ಥಕ್ಕೆ ಎಡೆಯಿಲ್ಲ. ಅಲ್ಲಿಯೇ ಅಹಿಂಸೆ ಆರಂಭವಾಗುತ್ತದೆ. ತಪ್ಪನ್ನು ತಾನೇ ಒಪ್ಪಿಕೊಂಡು ಹಿಂದಿರುಗುವುದನ್ನು ನಮ್ಮ ಹಿರಿಯರು ಪ್ರತಿಕ್ರಮಣವೆಂದರು. ಆ ಪದವನ್ನೇ ಅರಿಯದ ಹುಡುಗ ಅದನ್ನು ಆಚರಿಸಿದ.

ರತ್ನತ್ರಯದಲ್ಲಿ ದರ್ಶನ, ಜ್ಞಾನಗಳ ಜೊತೆಗೆ ಚಾರಿತ್ರ್ಯವನ್ನೂ ಇರಿಸಿರುವುದು ಸುಮ್ಮನೆ ಅಲ್ಲ. ಸೈಕ್ಲಾಪ್ಸ್‌ನ ಚಿತ್ರವನ್ನು ಪುಸ್ತಕ ನೋಡಿಯೂ ಬರೆಯಬಹುದು. ಯಾರೂ ಕಾಣದ ಹೊತ್ತಿನಲ್ಲಿ ಅದನ್ನು ಕೆರೆಗೆ ಮುಟ್ಟಿಸುವುದನ್ನು ಮಾಡಿಯೇ ಕಲಿಯಬೇಕು. ನಮ್ಮ ಶಾಲೆಗಳ ಪ್ರಾಜೆಕ್ಟ್‌ಗಳಲ್ಲಿ ಅಂಕವಿಲ್ಲದ ಇಂತಹ ಒಂದು ಹೆಜ್ಜೆಯಾದರೂ ಇರಲಿ.